ಬೋರೇಗೌಡನ ಎತ್ತರ

ಹೋದ ತಿಂಗಳು ಮದ್ದೂರಿನಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಹನಕೆರೆ ಹತ್ತಿರ ಒಂದು ಲಾರಿ ಕೆಟ್ಟು ದಾರಿಗಡ್ಡ ನಿಂತಿತ್ತು. ಲಾರಿಯ ತುಂಬ ಕಾಕಂಬಿ ಪೀಪಾಯಿಗಳು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಅದರ ವಾಸನೆ ಅರ್ಧ ಸಿಹಿ, ಅರ್ಧ ಹುಳಿ. ಬಸ್ಸಿನಲ್ಲಿದ್ದವರೆಲ್ಲ ಸೆರಗೋ ಟವಲೋ ಮೂಗಿಗೆ ಹಿಡಿದರು. ನಾನೊಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಎದೆ ತುಂಬ ಎಳೆದುಕೊಂಡೆ.

ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ, "ಯಾಕ್ ತಾತ, ವಾಂತಿ ಬತ್ತದಾ?" ಅಂದಳು.

"ಇಲ್ಲ ಕಣಮ್ಮ, ಹಳೇದು ನೆನಪು ಬರ್ತಿದೆ."

"ಏನಾರ ಬರ್ಲಿ, ಒರಗಡೀಕೇ ಬರ್ಲಿ," ಎಂದು ಸೀರೆ ಎಳೆದುಕೊಂಡು ಆಚೆ ಸರಿದು ಕೂತಳು.

ಹನಕೆರೆ ಸ್ಟೇಷನ್ನಿನಿಂದ ಕೂಗಳತೆಯಲ್ಲಿ ಆಗ ಒಂದು ಸಕ್ಕರೆ ಕಂಪನಿ ಇತ್ತು. ಮಂಡ್ಯದ ದೊಡ್ಡ ಕಾರ್ಖಾನೆಯ ಮಾತಲ್ಲ ಇದು. ಅದರ ತಂಟೆಗೆ ನಾನು ಹೋಗುವುದಿಲ್ಲ. ಇದು ಬೆಂಗಳೂರಿನ ಯಾರೋ ಧಣಿಗಳದು. ಹೆಸರು ಬರೆಯುವುದಿಲ್ಲ, ಅವರ ಮೊಮ್ಮಕ್ಕಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ದೀಪಾವಳಿ ಕಳೆದು ಕಬ್ಬು ಅರೆಯುವುದು ಶುರುವಾದರೆ ಯುಗಾದಿಯವರೆಗೂ ಅದರ ಚಿಮಣಿಗೆ ಬಿಡುವೇ ಇರುತ್ತಿರಲಿಲ್ಲ. ನೂರಾರು ಗಾಡಿ, ನೂರಾರು ಆಳು. ಅಂಥ ಒಂದು ಹಂಗಾಮಿನಲ್ಲಿ ನಾನು ಅಲ್ಲಿ ಗುಮಾಸ್ತನಾಗಿ ಸೇರಿದೆ. ಆಗ ನನಗೆ ಇಪ್ಪತ್ತೆರಡು. ಇಂಟರ್‌ಮೀಡಿಯೆಟ್ ಪಾಸಾಗಿದ್ದೆ ಎಂಬ ಜಂಬ ನೆತ್ತಿಯವರೆಗೂ ತುಂಬಿತ್ತು. ಕೆಲಸ ಆರು ತಿಂಗಳಿಗೆ ಮಾತ್ರ, ಆಮೇಲೆ ಖಾಯಂ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಮಳವಳ್ಳಿಯಲ್ಲಿದ್ದ ನಮ್ಮಮ್ಮನಿಗೆ ಈ ಎರಡನೆಯ ಭಾಗ ಕಿವಿಗೆ ಬೀಳಲೇ ಇಲ್ಲ. 'ನಮ್ಮ ನಂಜುಂಡ ಆಫೀಸರ್ ಆದ' ಎಂದು ಬಾವಿಕಟ್ಟೆಯಲ್ಲಿ ಸಾರಿಬಿಟ್ಟಿದ್ದಳು.

ಕಂಪನಿಗೆ ಆಳು ಆರಿಸುತ್ತಿದ್ದವರು ಖಾಸಿಂ ಸಾಬರು. ಹಿಂದೆ ಬಾಯ್ಲರ್ ಮೇಸ್ತ್ರಿಯಾಗಿದ್ದವರು, ಬಲಗೈಯ ಎರಡು ಬೆರಳು ಹೋದ ಮೇಲೆ ಗೇಟಿನ ಜಮಾದಾರರಾಗಿದ್ದರು. ಹಂಗಾಮು ಶುರುವಾಗುವ ವಾರ ಬೆಳಿಗ್ಗೆ ಗೇಟಿನ ಮುಂದೆ ಮಂಜಿನಲ್ಲಿ ಕಂಬಳಿ ಹೊದ್ದ ಜನ ಸಾಲು ನಿಲ್ಲುತ್ತಿದ್ದರು. ಸಾಬರು ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು.

"ನಿನ್ನೆ ಏನ್ ತಪ್ ಮಾಡ್ದೆ?"

'ಏನೂ ಇಲ್ಲ ಸಾಬ್ರೆ' ಎಂದವನು ನೇರ ಮನೆಗೆ. 'ಎಮ್ಮೆ ಕಟ್ಟೋದ್ ಮರ್ತೆ, ಪಕ್ಕದೋರ್ ಪೈರು ಮೇಯ್ದ್ಬುಡ್ತು' ಎಂದವನು ಒಳಕ್ಕೆ. 'ಎಂಡ್ತೀಗ್ ಬೈದೆ, ತಪ್ಪು ನಂದೇಯ' ಎಂದವನೂ ಒಳಕ್ಕೆ. ತೋಳಿನ ದಪ್ಪ ನೋಡುವುದಿಲ್ಲ, ಓದು ಕೇಳುವುದಿಲ್ಲ, ಪಟೇಲರ ಚೀಟಿ ತಂದರೆ ಮುಟ್ಟುವುದೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ. ಇದೊಂದು ಪರೀಕ್ಷೆಯೇ!

ಹೀಗೆ ನಕ್ಕವರು ಇನ್ನೊಬ್ಬರಿದ್ದರು, ನನ್ನ ಮೇಲಧಿಕಾರಿ ಶೇಷಾದ್ರಿಗಳು. ಬೊಂಬಾಯಿಯಲ್ಲಿ ತರಬೇತಿ ಪಡೆದು ಹೊಸದಾಗಿ ಬಂದಿದ್ದ ಲೇಬರ್ ಆಫೀಸರು. ಒಂದು ಟ್ರಂಕಿನ ತುಂಬ ಪರೀಕ್ಷೆಯ ಸಾಮಾನು ತಂದಿದ್ದರು: ಗುಳಿಗಳಿದ್ದ ಹಲಗೆ, ಆ ಗುಳಿಗೆ ಹಾಕುವ ಮರದ ಗೂಟಗಳು, ಬಣ್ಣದ ಇಟ್ಟಿಗೆಗಳು, ಸೆಕೆಂಡು ತೋರಿಸುವ ಗಡಿಯಾರ. ಸಜ್ಜನರು, ಶಿಸ್ತಿನವರು. ಒಂದೇ ತೊಂದರೆ, ಅರೆಯುವ ಮನೆಯೊಳಗೆ ಕಾಲಿಟ್ಟರೆ ಬೂಟಿಗೆ ಕಾಕಂಬಿ ಅಂಟುತ್ತದೆ ಎಂದು ಆಫೀಸಿನ ಹೊಸಿಲು ದಾಟುತ್ತಿರಲಿಲ್ಲ. ಆಳುಗಳೆಲ್ಲ ಅವರಿಗೆ ಕಾಗದದ ಮೇಲೆ ಪರಿಚಯ.

ಅವರೊಂದು ಏರ್ಪಾಡು ಮಾಡಿದರು. ಆ ಹಂಗಾಮಿಗೆ ಅರ್ಧ ಆಳುಗಳನ್ನು ಖಾಸಿಂ ಸಾಬರು ಆರಿಸುವುದು, ಅರ್ಧ ಆಳುಗಳನ್ನು ಟ್ರಂಕು ಆರಿಸುವುದು. ನಾನು ಎರಡು ಗುಂಪಿನ ಮೇಲೂ ಕಣ್ಣಿಟ್ಟು, ತಿಂಗಳಿಗೊಮ್ಮೆ ಒಬ್ಬೊಬ್ಬನ ಫಾರಂ ತುಂಬಿಸಿ, ಯಾವ ದಾರಿ ಮೇಲು ಎಂದು ಕೊನೆಗೆ ವರದಿ ಬರೆಯುವುದು.

"ನಂಜುಂಡಯ್ಯ, ಈ ವರದಿ ಸರಿಯಾಗಿ ಬಂದರೆ ಮುಂದಿನ ಹಂಗಾಮಿನಿಂದ ಗೇಟಿನಲ್ಲಿ ಆ ಸ್ಟೂಲು ಇರುವುದಿಲ್ಲ. ಯುಗಾದಿಯಿಂದ ನೀನು ಖಾಯಂ," ಎಂದರು.

ಸರಿಯಾಗಿ ಎಂದರೆ ಏನೆಂದು ನಾನು ಕೇಳಲಿಲ್ಲ. ಅಷ್ಟೂ ಗೊತ್ತಾಗದ ದಡ್ಡನಾಗಿದ್ದೆನೇ?

ಟ್ರಂಕಿನ ಪರೀಕ್ಷೆ ಮೊದಲ ದಿನವೇ ಎಡವಟ್ಟಾಯಿತು. ಚಿಕ್ಕರಸಿನಕೆರೆ ಕಡೆಯಿಂದ ಬಂದಿದ್ದ ಹನ್ನೆರಡು ಜನರ ಮುಂದೆ ಗುಳಿಯ ಹಲಗೆ ಇಟ್ಟೆವು. ಮೊದಲನೆಯವನು ಗೂಟಗಳನ್ನು ಮುಷ್ಟಿಯಲ್ಲಿ ಹಿಡಿದು, ಹಲಗೆಯನ್ನು ಆ ಕಡೆ ಈ ಕಡೆ ನೋಡಿ, "ಎದುರಾಳಿ ಯಾರು ಬುದ್ಧಿ?" ಅಂದ. ಅವನಿಗೆ ಅದು ಅಳಗುಳಿಮಣೆ! ಮನೆಮನೆಯಲ್ಲೂ ಹುಣಸೆಬೀಜ ಹಾಕಿ ಆಡುವ ಆಟ. ಶೇಷಾದ್ರಿಗಳು ಗಡಿಯಾರ ಒತ್ತಿ 'ಶುರು' ಎಂದರೆ, ಅವನು ಅವರನ್ನೇ ಎದುರಾಳಿ ಎಂದು ತಿಳಿದು, ನಾಲ್ಕು ಗೂಟ ಅವರ ಮುಂದೆ ಸರಿಸಿ, "ಮೊದ್ಲು ನೀವೇ ಬುಡಿ, ದೊಡ್ಡೋರು," ಎಂದು ಮರ್ಯಾದೆ ತೋರಿಸಿದ. ಹನ್ನೆರಡು ಜನರಿಗೂ ಸೊನ್ನೆ ಬಿತ್ತು. ಹೋಗುವಾಗ ಒಬ್ಬ ನನ್ನ ಕಿವಿಯಲ್ಲಿ, "ಪಾಪ, ಆಟ ಬರ್ದೇ ಇದ್ರೂ ಮಣೆ ಸಂದಾಕ್ ಮಾಡ್ಸವ್ರೆ," ಎಂದು ಹೇಳಿ ಹೋದ.

ಆ ಪರೀಕ್ಷೆಯಲ್ಲಿ ಎಲ್ಲರನ್ನೂ ಮೀರಿಸಿದವನು ಬೋರೇಗೌಡ. ಕಂಪನಿಯಿಂದ ಎರಡು ಮೈಲಿ ದೂರದ ಒಂದು ಕೊಪ್ಪಲಿನವನು. ಲೋಯರ್ ಸೆಕೆಂಡರಿ ಓದಿದ್ದ. ಗಡಿಯಾರದ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಗೂಟಗಳೆಲ್ಲ ಗುಳಿಯಲ್ಲಿ ಕೂತಿದ್ದವು. ಶೇಷಾದ್ರಿಗಳು ಎದ್ದು ನಿಂತು ಅವನ ಕೈ ಕುಲುಕಿದರು. ಅವನಿಗೆ ನಂಬರ್ ಕೆತ್ತಿದ ಹಿತ್ತಾಳೆ ಬಿಲ್ಲೆ, ಒಂದು ಖಾಕಿ ಕೋಟು ಕೊಟ್ಟು ಕಬ್ಬು ಅರೆಯುವ ಗಾಣದ ಹತ್ತಿರ ಕೆಲಸಕ್ಕೆ ಹಾಕಿದೆವು.

ಒಂದು ತಿಂಗಳು ಕಳೆಯಿತು. ಬೋರೇಗೌಡನ ಹಾಜರಿ ನೋಡಿ ಬೆರಗಾದೆ. ಒಂದು ದಿನ ರಜೆ ಇಲ್ಲ, ಒಂದು ನಿಮಿಷ ತಡ ಇಲ್ಲ. ರಾಗಿ ಕೊಯ್ಲಿಗೆ ಅರ್ಧ ಕಂಪನಿ ಖಾಲಿಯಾದರೂ ಬೋರೇಗೌಡ ಹಾಜರ್. ನೆಗಡಿ ಇಲ್ಲ, ಜ್ವರ ಇಲ್ಲ, ನೆಂಟರ ಮದುವೆಯಿಲ್ಲ. ಫಾರಂ ತುಂಬಿಸಲು ಕರೆದು ಎತ್ತರ ಅಳೆದೆ. ಪರೀಕ್ಷೆಯ ದಿನ ಅಳೆದಿದ್ದಕ್ಕಿಂತ ಎರಡು ಅಂಗುಲ ಹೆಚ್ಚಾಗಿತ್ತು. ಗುರುತೆಂದು ಫಾರಂನಲ್ಲಿ ಬರೆದುಕೊಂಡಿದ್ದ ಕೆನ್ನೆಯ ಮಚ್ಚೆ ಕಾಣಲಿಲ್ಲ. ಗಾಣದ ಹತ್ತಿರ ಕೆಲಸ ಮಾಡುವವರ ಮುಖದ ಮೇಲೆ ಕಬ್ಬಿನ ಹಾಲು, ಎಣ್ಣೆ, ಮಸಿ ಎಲ್ಲ ಸೇರಿ ಒಂದು ಪದರವೇ ಇರುತ್ತಿತ್ತು. ಅದರ ಅಡಿಯಲ್ಲಿರಬೇಕು ಎಂದುಕೊಂಡೆ.

ಶೇಷಾದ್ರಿಗಳಿಗೆ ಆ ಎರಡು ಅಂಗುಲ ಕಂಡು ಹಿಗ್ಗೋ ಹಿಗ್ಗು. "ನೋಡಿದೆಯಾ? ತಕ್ಕ ಕೆಲಸಕ್ಕೆ ತಕ್ಕ ಮನುಷ್ಯನನ್ನು ಹಾಕಿದರೆ ದೇಹವೇ ಬೆಳೆಯುತ್ತದೆ. ಇದನ್ನು ವರದಿಗೆ ಸೇರಿಸು."

ಸೇರಿಸಿದೆ. ಮಾರನೆಯ ತಿಂಗಳು ಅಳೆದರೆ ಬೋರೇಗೌಡ ಮೂರು ಅಂಗುಲ ಕುಗ್ಗಿದ್ದ, ಮೀಸೆ ಬಂದಿತ್ತು. ಮೀಸೆಯೇನೋ ಬರಲಿ, ಎತ್ತರ ಎಲ್ಲಿಗೆ ಹೋಯಿತು? ನನ್ನ ಅಳತೆಯೇ ತಪ್ಪಿರಬೇಕೆಂದು ಹೆದರಿ, ಶೇಷಾದ್ರಿಗಳು ಬಯ್ದಾರೆಂದು, ಹಿಂದಿನ ತಿಂಗಳ ಎತ್ತರವನ್ನೇ ಬರೆದು ಹಾಕಿದೆ.

ಪುಷ್ಯ ಮಾಸದ ಒಂದು ಮಧ್ಯಾಹ್ನ ಗುಟ್ಟು ಬಯಲಾಯಿತು. ಊಟದ ಬಿಡುವಿನ ಹೊತ್ತು. ಊಟ ಮುಗಿಸಿ ಸ್ಟೇಷನ್ ಕಡೆಯಿಂದ ಬರುತ್ತಿದ್ದೆ. ಹುಣಸೆಮರದ ಕೆಳಗೆ ಇಬ್ಬರು ನಿಂತಿದ್ದರು. ಒಬ್ಬ ಖಾಕಿ ಕೋಟು ಬಿಚ್ಚಿ ಕೊಟ್ಟ, ಇನ್ನೊಬ್ಬ ಹಾಕಿಕೊಂಡ. ಕೊನೆಗೆ ಹಿತ್ತಾಳೆ ಬಿಲ್ಲೆ ಕೈ ಬದಲಾಯಿತು. ಓಡಿಹೋಗಿ ಬಿಲ್ಲೆ ಹಿಡಿದು ನೋಡಿದೆ. ಬೋರೇಗೌಡನ ನಂಬರು!

"ಯಾರಯ್ಯ ನೀನು?"

"ಬೋರೇಗೌಡ ಬುದ್ಧಿ," ಎಂದ ಎತ್ತರದವನು, ಚೂರೂ ಅಳುಕಿಲ್ಲದೆ.

"ಮತ್ತೆ ಇವನು?"

"ಅವ್ನೂ ಬೋರೇಗೌಡ್ನೇಯ. ಈಗ್ ತಾನೆ ಮುಗೀತು ಅವಂದು."

ಎತ್ತರದವನ ನಿಜವಾದ ಹೆಸರು ಕೆಂಪಣ್ಣ. ನಾನು ಬೆವರುತ್ತಿದ್ದರೆ ಅವನು ಚಿಕ್ಕ ಮಕ್ಕಳಿಗೆ ತಿಳಿಹೇಳುವಂತೆ ಹೇಳಿದ. ಗದ್ದೆ ಕೆಲಸಕ್ಕೆ ಅವರಲ್ಲಿ ಮುಯ್ಯಾಳು ಪದ್ಧತಿ ಇದೆಯಷ್ಟೆ? ಇವತ್ತು ಇವನ ಹೊಲಕ್ಕೆ ಅವನು ಬರುತ್ತಾನೆ, ನಾಳೆ ಅವನ ಹೊಲಕ್ಕೆ ಇವನು ಹೋಗುತ್ತಾನೆ. ಬೋರೇಗೌಡ ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಣದ ಸದ್ದಿಗೆ ತಲೆ ತಿರುಗಿ ಬಿದ್ದನಂತೆ. ಅವನಿಗಾಗಿ ಕೆಂಪಣ್ಣ, ಚಿಕ್ಕಣ್ಣ, ಸಿದ್ದ ಮೂವರು ಸರದಿಯ ಮೇಲೆ ಕಂಪನಿಗೆ ಬರುತ್ತಿದ್ದಾರೆ. ಬೋರೇಗೌಡ ಅವರ ಮೂವರ ಗದ್ದೆಯಲ್ಲೂ ದುಡಿದು ಮುಯ್ಯಿ ತೀರಿಸುತ್ತಿದ್ದಾನೆ.

"ಆದರೆ ಕಂಪನಿ ಆರಿಸಿದ್ದು ಅವನೊಬ್ಬನನ್ನ!" ಎಂದು ಕೂಗಿದೆ.

ಕೆಂಪಣ್ಣ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದ. "ಬಿಲ್ಲೆ ದಿನಾ ಬತ್ತದಲ್ಲ ಸ್ವಾಮಿ? ಒಂದ್ ದಿನಾನಾರ ತಪ್ಪೈತಾ? ಬನ್ನಿ, ಮನೇಗ್ ಬನ್ನಿ, ಅವರೇಕಾಯ್ ಕಾಲ. ಉಂಡ್ಕಂಡ್ ಮಾತಾಡಾನ."

ಅವನ ಪಾಳಿ ಮುಗಿದ ಮೇಲೆ ಹೋದೆ. ಹೋಗಬಾರದಿತ್ತು. ಅವರೇಕಾಳಿನ ಸಾರು, ರಾಗಿಮುದ್ದೆ, ಮೇಲೆ ಒಂದು ಮಿಳ್ಳೆ ತುಪ್ಪ. ನಿಜವಾದ ಬೋರೇಗೌಡನೇ ಬಡಿಸಿದ. ಕೆನ್ನೆಯ ಮಚ್ಚೆ ಅಲ್ಲೇ ಇತ್ತು. ಉಂಡ ಮೇಲೆ ಬಯ್ಯಲು ಬಾಯಿ ಬರಲಿಲ್ಲ.

ಮಾರನೆಯ ದಿನ ಗೇಟಿನಲ್ಲಿ ಖಾಸಿಂ ಸಾಬರನ್ನು ಹಿಡಿದೆ. ಇಬ್ಬರೂ ಮಂಡ್ಯದ ಗುತ್ತಲಿನಲ್ಲೇ ಇದ್ದೆವು, ಒಂದೇ ರೈಲಿಗೆ ಬರುತ್ತಿದ್ದೆವು, ಅವರ ಮನೆಯ ಚಹಾ ಎಷ್ಟೋ ಸಲ ಕುಡಿದಿದ್ದೆ. "ಸಾಬರೇ, ಬೋರೇಗೌಡನ ವಿಷಯ ನಿಮಗೆ ಗೊತ್ತೇ?"

"ಯಾವ್ ಬೋರೇಗೌಡ? ಉದ್ದ್‌ಕಿರೋನಾ, ಮೀಸೆಯೋನಾ, ಕೆಮ್ಮೋನಾ?" ಎಂದು ನಕ್ಕರು. "ಅರೆ ನಂಜುಂಡ, ಗೇಟಲ್ಲಿ ಕೂತಿರೋನು ನಾನು. ಒಬ್ಬೊಬ್ಬ ಬಿಲ್ಲೆ ತಂದಾಗ್ಲೂ ನಿಲ್ಸಿ, ನಿನ್ನೆ ಏನ್ ತಪ್ ಮಾಡ್ದೆ ಅಂತ ಕೇಳ್ದೆ. ಮೂರ್ ಜನಾನೂ ನೆಟ್ಟಗ್ ಹೇಳುದ್ರು, ಒಳಕ್ ಬುಟ್ಟೆ. ನಿಮ್ ಸಾಹೇಬ್ರ ಪೆಟ್ಟಿಗೆ ಆರಿಸ್ದೋನು ಗದ್ದೇಲವ್ನೆ. ಗಾಣದತ್ರ ಇರೋರು ನಾನ್ ಆರಿಸ್ದೋರು."

"ಆ ಪ್ರಶ್ನೆಯಲ್ಲಿ ಏನಿದೆ ಸಾಬರೆ?"

ಅವರು ಬಲಗೈ ಎತ್ತಿದರು. "ಬಾಯ್ಲರ್ ಕೀಲು ಒಬ್ಬ ತಪ್ಪಾಗಿ ತಿರುಗಿಸ್ದ. ಭಯಕ್ಕೆ ಬಾಯ್ ಬುಡ್ಲಿಲ್ಲ. ಹೇಳಿದ್ರೆ ನನ್ನವು ಹತ್ತೂ ಇರ್ತಿದ್ವು. ಅವ್ನೂ ಒಳ್ಳೆಯೋನೇ ಕಣ್ಲಾ, ಶಕ್ತಿವಂತ, ಓದ್ದೋನು. ತಪ್ಪು ಎಲ್ರೂ ಮಾಡ್ತಾರೆ. ಯಂತ್ರದ ಮುಂದೆ ಅದನ್ನ ಮುಚ್ಚಿಡೋನು ಬೇಡ, ಅಷ್ಟೇಯ."

ನಾನು ಮೇಜಿಗೆ ಹೋಗಿ ಕೂತೆ. ಫಾರಂಗಳೆಲ್ಲ ಮುಂದಿದ್ದವು. ಸಾಬರು ಆರಿಸಿದವರಲ್ಲಿ ಬಹುಪಾಲು ಜನ ಕೆಲಸದಲ್ಲಿ ಉಳಿದಿದ್ದರು. ಟ್ರಂಕು ಆರಿಸಿದವರಲ್ಲಿ ಬಹುಪಾಲು ಜನ ಸಂಕ್ರಾಂತಿಗೆ ಮೊದಲೇ ಓಡಿದ್ದರು. ಟ್ರಂಕಿನ ಮಾನ ಉಳಿಸಿದ್ದವನು ಬೋರೇಗೌಡ ಒಬ್ಬನೇ. ಬಾವಿಕಟ್ಟೆಯ ಮೇಲೆ ನಿಂತ ನಮ್ಮಮ್ಮ ಕಣ್ಣ ಮುಂದೆ ಬಂದಳು. ಪೆನ್ನು ಅದ್ದಿದೆ. 'ಹೊಸ ಪರೀಕ್ಷೆಯ ಶ್ರೇಷ್ಠತೆಗೆ ಬೋರೇಗೌಡನೇ ಸಾಕ್ಷಿ. ಗೇಟಿನ ಆಯ್ಕೆಯನ್ನು ನಿಲ್ಲಿಸಬಹುದು.' ಬರೆಯುವಾಗ ಒಂದು ಕಾಗುಣಿತವೂ ತಪ್ಪಲಿಲ್ಲ ಎಂಬುದೇ ಇವತ್ತಿಗೂ ನನಗೆ ನಾಚಿಕೆ. ಅಕ್ಷರ ಮುತ್ತಿನಂತೆ ಬಂದಿತ್ತು.

ಮಾಘ ಕಳೆದು ಬಿಸಿಲು ಏರಿತು. ಗಾಡಿದಾರಿಯ ಧೂಳು ಕಬ್ಬಿನ ಗರಿಯ ಮೇಲೆಲ್ಲ ಕೂತಿತು. ಹಂಗಾಮಿನ ಕೊನೆಯ ದಿನ ಬೆಂಗಳೂರಿನಿಂದ ಡೈರೆಕ್ಟರು ಬರುವುದೆಂದೂ, ಶಾಮಿಯಾನ ಹಾಕಿ ಬೋರೇಗೌಡನಿಗೆ ಜರಿ ರುಮಾಲು ಸುತ್ತಿ ಸನ್ಮಾನ ಮಾಡುವುದೆಂದೂ ಶೇಷಾದ್ರಿಗಳು ಗೊತ್ತು ಮಾಡಿದರು. ನಾನು ಕೊಪ್ಪಲಿಗೆ ಓಡಿದೆ.

"ನೋಡ್ರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಅವತ್ತು ಒಬ್ಬನೇ ಬರಬೇಕು. ನಿಜವಾದ ಬೋರೇಗೌಡ. ಉಳಿದವರು ಮನೆಯಲ್ಲೇ ಇರಿ."

ನಾಲ್ವರೂ ಮುಖ ಮುಖ ನೋಡಿಕೊಂಡರು. "ಆಯ್ತು ಬುಡಿ ಸ್ವಾಮಿ," ಎಂದ ಕೆಂಪಣ್ಣ. ಆ 'ಆಯ್ತು ಬುಡಿ'ಯನ್ನು ನಾನು ನಂಬಿದೆ.

ಶಾಮಿಯಾನ ತುಂಬಿತ್ತು. ಡೈರೆಕ್ಟರು ನಡುವಿನ ಕುರ್ಚಿಯಲ್ಲಿ, ಶೇಷಾದ್ರಿಗಳು ಹೊಸ ಬೂಟು ಹಾಕಿಕೊಂಡು ಪಕ್ಕದಲ್ಲಿ. ನನ್ನ ವರದಿಯನ್ನು ಓದಿದ್ದಾಯಿತು. ಗೇಟಿನ ಆಯ್ಕೆ ನಿಲ್ಲಿಸುವ ಮಾತು ಬಂದಾಗ ಕಂಬಕ್ಕೆ ಒರಗಿ ನಿಂತಿದ್ದ ಖಾಸಿಂ ಸಾಬರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಬೋರೇಗೌಡ ವೇದಿಕೆಗೆ ಬರಬೇಕು," ಎಂದು ಶೇಷಾದ್ರಿಗಳು ಕರೆದರು.

ನಾಲ್ಕು ಜನ ಎದ್ದರು. ಮುಂದೆ ಉದ್ದದವನು, ಹಿಂದೆ ಮೀಸೆ, ಅವನ ಹಿಂದೆ ಕೆಮ್ಮು, ಕೊನೆಯಲ್ಲಿ ನಾಚಿಕೊಂಡು ಮಚ್ಚೆ. ಸಾಲಾಗಿ ವೇದಿಕೆ ಹತ್ತಿ ನಿಂತರು.

ಡೈರೆಕ್ಟರು ಕನ್ನಡಕ ಸರಿಮಾಡಿಕೊಂಡರು. "ನಿಮ್ಮಲ್ಲಿ ಬೋರೇಗೌಡ ಯಾರು?"

"ಎಲ್ರೂವೆ ಬುದ್ಧಿ," ಎಂದ ಕೆಂಪಣ್ಣ ಕೈಮುಗಿದು. "ನಾಕ್ ಜನ ಬೆವರ್ ಸುರ್ಸಿ ಒಬ್ಬ ಮರ್ವಾದೆ ತಕಂಡ್ರೆ ಮುಯ್ಯಿ ಕೆಡ್ತದೆ. ರುಮಾಲು ಒಂದೇ ಆದ್ರೂ ಯೋಚ್ನೆ ಇಲ್ಲ, ತಲೆ ಬದ್ಲಾಯಿಸ್ಕತೀವಿ."

ಶಾಮಿಯಾನ ಕಿತ್ತುಹೋಗುವಂತೆ ಜನ ನಕ್ಕರು. ಶೇಷಾದ್ರಿಗಳ ಮುಖ ಬಿಳಿಚಿಕೊಂಡಿತು. ಪಾಪ, ಅವರು ಬೋರೇಗೌಡನನ್ನು ಪರೀಕ್ಷೆಯ ದಿನ ಬಿಟ್ಟರೆ ನೋಡಿದ್ದು ಅವತ್ತೇ, ಅದೂ ನಾಲ್ಕು ಪಟ್ಟು. "ವರದಿ ನಂಜುಂಡಯ್ಯನದು," ಎಂದು ನನ್ನ ಕಡೆ ಬೆರಳು ತೋರಿಸಿದರು.

ಡೈರೆಕ್ಟರು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ನಿನಗೆ ಇದು ಗೊತ್ತಿತ್ತೇನಯ್ಯಾ?"

"ಇಲ್ಲ ಸ್ವಾಮಿ," ಎಂದೆ.

"ಅಯ್ಯೋ, ಮರ್ತ್ಬುಟ್ರಾ?" ಎಂದ ಕೆಂಪಣ್ಣ, ನನಗೆ ನೆರವಾಗಬೇಕೆಂಬ ಒಳ್ಳೆಯ ಮನಸ್ಸಿನಿಂದ. "ನಮ್ಮನೇಗ್ ಬಂದು ಅವರೇಕಾಳ್ ಸಾರು ಎರಡ್ ಸಲ ಆಕುಸ್ಕಂಡ್ ಉಂಡ್ರಲ್ಲ! ಮೊನ್ನೇನೂ ಬಂದು ಒಬ್ಬನೇ ಬನ್ರೋ ಅಂದ್ರಲ್ಲ!"

ಮುಂದಿನದನ್ನು ಉದ್ದಮಾಡಿ ಹೇಳುವುದಕ್ಕೇನಿದೆ? ಡೈರೆಕ್ಟರು ಸಾಬರನ್ನು ಕರೆದು ಎಲ್ಲ ಕೇಳಿ ತಿಳಿದರು. ಗೇಟಿನ ಸ್ಟೂಲು ಅಲ್ಲೇ ಉಳಿಯಿತು. ಕೆಂಪಣ್ಣ, ಚಿಕ್ಕಣ್ಣ, ಸಿದ್ದ ಮೂವರಿಗೂ ಅವರವರ ಹೆಸರಿನಲ್ಲೇ ಬಿಲ್ಲೆ ಸಿಕ್ಕಿತು. ಶೇಷಾದ್ರಿಗಳು ಟ್ರಂಕಿನ ಸಮೇತ ಬೆಂಗಳೂರಿನ ಆಫೀಸಿಗೆ ಹೋದರು. ಗುಳಿಯ ಹಲಗೆಯನ್ನು ಮಾತ್ರ ಮರೆತು ಹೋಗಿದ್ದರು. ಗಾಡಿಯವರು ಅದರ ಮೇಲೆ ಹುಣಸೆಬೀಜ ಹಾಕಿ ಬಹಳ ದಿನ ಆಡಿದರು. ಬೋರೇಗೌಡ ಓದು ಬರಹ ಬಲ್ಲವನು, ಗಾಣದ ಸದ್ದು ಮಾತ್ರ ಆಗದು. ಅವನಿಗೆ ಸದ್ದಿಲ್ಲದ ಒಂದು ಜಾಗ ಬೇಕಿತ್ತು. ನನ್ನ ಮೇಜು ಖಾಲಿಯಾಗಿತ್ತು.

ಆ ಬೇಸಿಗೆ, ಆ ಮಳೆಗಾಲ ಮಳವಳ್ಳಿಯಲ್ಲಿ ಕಳೆದೆ. ಅಮ್ಮ ಬಾವಿಗೆ ಹೋಗುವ ಹೊತ್ತು ಬದಲಾಯಿಸಿಕೊಂಡಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲೂ ಕೆಲಸ ಸಿಗಲಿಲ್ಲ. ದೀಪಾವಳಿ ಕಳೆಯಿತು. ಮಂಡ್ಯಕ್ಕೆ ಬಂದು ಗುತ್ತಲಿನ ಹಳೆಯ ಕೋಣೆಯಲ್ಲಿ ಒಂದು ದಿನ ಇದ್ದು, ಮಾರನೆಯ ಬೆಳಿಗ್ಗೆ ಹನಕೆರೆಯಲ್ಲಿಳಿದು, ಕಂಬಳಿ ಹೊದ್ದವರ ಸಾಲಿನ ಕೊನೆಯಲ್ಲಿ ನಿಂತೆ. ಮಂಜು ಇದ್ದದ್ದು ಒಳ್ಳೆಯದಾಯಿತು, ಮುಖ ಕಾಣುತ್ತಿರಲಿಲ್ಲ. ಸಾಲು ಕರಗಿ ಕರಗಿ ಸ್ಟೂಲಿನ ಮುಂದೆ ನಾನೇ ನಿಂತಿದ್ದೆ.

ಖಾಸಿಂ ಸಾಬರು ನನ್ನನ್ನು ಹಿಂದೆಂದೂ ಕಾಣದವರಂತೆ ನೋಡಿದರು.

"ನಿನ್ನೆ ಏನ್ ತಪ್ ಮಾಡ್ದೆ?"

"ಹೋದ ಹಂಗಾಮಿನಲ್ಲಿ ಸಾಬರೇ, ನಾನು ನಿಮಗೆ—"

"ಅದು ಊರ್‌ಗೆಲ್ಲ ಗೊತ್ತು. ನಾನ್ ಕೇಳ್ದದ್ದು ನಿನ್ನೇದು."

"ನಿನ್ನೆ ಸಂಜೆ ಗುತ್ತಲು ರಸ್ತೆಯಲ್ಲಿ ನೀವು ಎದುರಿಗೆ ಬರ್ತಾ ಇದ್ರಿ. ನಿಮ್ಮನ್ನ ಕಂಡು ಸೌದೆ ಡಿಪೋದ ಹಿಂದೆ ಬಚ್ಚಿಟ್ಟುಕೊಂಡೆ."

"ಕಂಡೆ ಕಣ್ಲಾ," ಎಂದರು ಸಾಬರು. "ಕಾಲು ಹೊರಗೇ ಇದ್ವು." ಮೂರು ಬೆರಳಿನ ಕೈಯಿಂದ ಗೇಟು ತಳ್ಳಿದರು. "ನಡಿ ಒಳಕ್ಕೆ. ಬೋರೇಗೌಡ ಬಿಲ್ಲೆ ಕೊಡ್ತಾನೆ."

ಬೋರೇಗೌಡ ನನ್ನ ಹಳೆಯ ಮೇಜಿನ ಹಿಂದಿನಿಂದ ಎದ್ದು ಬಂದ, ಗೋಡೆಗೆ ನಿಲ್ಲಿಸಿ ನನ್ನ ಎತ್ತರ ಅಳೆದು ಬರೆದುಕೊಂಡ. ಏನನ್ನೋ ಯೋಚಿಸಿದವನಂತೆ ಮತ್ತೆ ಬಂದು ಇನ್ನೊಂದು ಸಲ ಅಳೆದ. ಎರಡು ಸಲವೂ ಒಂದೇ ಬಂತು.